ಕೆಟಮೈನ್, ಲ್ಯಾಮೊಟ್ರಿಜಿನ್: ಮನೋವೈದ್ಯರ ಚೀಟಿ ಕೈಗೆ ಬಂದ ಮೇಲೆ ಮನೆಯವರು ಮಾಡಬೇಕಾದ ಕೆಲಸ

ಎರಡು ಮೂರು ಬಗೆಯ ಗುಳಿಗೆ ತಿಂಗಳುಗಟ್ಟಲೆ ನುಂಗಿದರೂ ಖಿನ್ನತೆ ಇಳಿಯದವರಿಗೆ, ಇಲ್ಲವೇ ಬೈಪೋಲಾರ್ ಕಾಯಿಲೆ (ಮನಸ್ಸು ಒಮ್ಮೆ ಉನ್ಮಾದಕ್ಕೆ ಏರಿ, ಒಮ್ಮೆ ಖಿನ್ನತೆಗೆ ಬೀಳುವ ರೋಗ) ಎಂದು ಗೊತ್ತಾದವರಿಗೆ ಮನೋವೈದ್ಯರ ಬಾಯಲ್ಲಿ ಎರಡು ಹೆಸರು ಕೇಳಿಬರಬಹುದು. ಒಂದು ಲ್ಯಾಮೊಟ್ರಿಜಿನ್ ಗುಳಿಗೆ. ಇನ್ನೊಂದು ಕೆಟಮೈನ್, ಸಲೈನಿನಲ್ಲಿ ಬೆರೆಸಿ ನರಕ್ಕೆ, ಅಂದರೆ ರಕ್ತನಾಳಕ್ಕೆ, ಹನಿಹನಿಯಾಗಿ ಹಚ್ಚುವ ಔಷಧ. ಎರಡೂ ಮಿದುಳಿನ ಗ್ಲುಟಮೇಟ್ ವ್ಯವಸ್ಥೆಯನ್ನು ಮುಟ್ಟುತ್ತವೆ, ಆದರೆ ಎರಡರ ನಡಿಗೆ ಪೂರಾ ಬೇರೆ. ಲ್ಯಾಮೊಟ್ರಿಜಿನ್ ಪೂರ್ತಿ ಪ್ರಮಾಣಕ್ಕೆ ಬರಲು ಆರು ವಾರ ಬೇಕು. ಕೆಟಮೈನ್ ಕೆಲವೇ ಗಂಟೆಗಳಲ್ಲಿ ಗುಣ ತೋರಿಸಿ, ವಾರದ ಆಸುಪಾಸಿನಲ್ಲಿ ಇಳಿದುಹೋಗುತ್ತದೆ. ನಿಧಾನದ ಔಷಧವನ್ನು ಅವಸರದಲ್ಲಿ ಏರಿಸಿದರೆ ಚರ್ಮ ಸುಲಿಯುವ ಅಪಾಯ. ಅವಸರದ ಔಷಧ ಒಂದು ಸಲಕ್ಕೇ ಸಾಕೆಂದು ಊರಿಗೆ ಮರಳಿದರೆ ರೋಗವೂ ಮರಳುತ್ತದೆ. ಮನೆಯಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಈ ಎರಡು ವೇಗಗಳನ್ನು ಅದಲುಬದಲು ಮಾಡಿಕೊಂಡದ್ದರಿಂದ ಆಗುತ್ತವೆ.

ಗ್ಲುಟಮೇಟ್ ಏನು ಮಾಡುತ್ತದೆ

ಮಿದುಳಿನ ನರಕೋಶಗಳನ್ನು ಎಬ್ಬಿಸುವ ಮುಖ್ಯ ಸಂದೇಶವಾಹಕ ಗ್ಲುಟಮೇಟ್. ಕಾಲುವೆ ನೀರಿಗೆ ಹೋಲಿಸಿ ನೋಡಿ. ನೀರು ಬರದಿದ್ದರೆ ಬೆಳೆ ಒಣಗುತ್ತದೆ. ಕಬ್ಬಿಗೆಂದು ಹಗಲೂ ರಾತ್ರಿ ಬಿಟ್ಟರೆ ನೆಲ ಸವಳಾಗುತ್ತದೆ ಎಂಬುದು ಅಥಣಿ, ಜಮಖಂಡಿ ಕಡೆಯ ರೈತರಿಗೆ ಚೆನ್ನಾಗಿ ಗೊತ್ತು. ಲ್ಯಾಮೊಟ್ರಿಜಿನ್ ನರಕೋಶದ ಸೋಡಿಯಂ ದಾರಿಗಳನ್ನು ತಡೆದು, ಅತಿಯಾಗಿ ಹೊರಬೀಳುವ ಗ್ಲುಟಮೇಟನ್ನು ತಗ್ಗಿಸುತ್ತದೆ. ತೂಬನ್ನು ನಾಲ್ಕು ಬೆರಳು ಇಳಿಸಿದ ಹಾಗೆ.

ಕೆಟಮೈನಿನ ಕೆಲಸ ಸ್ವಲ್ಪ ಸುತ್ತುಬಳಸಿನದು. ಅದು ಎನ್‌ಎಂಡಿಎ ಎಂಬ ಗ್ಲುಟಮೇಟ್ ಗ್ರಾಹಕವನ್ನು (ನರಕೋಶದ ಮೇಲೆ ಸಂದೇಶ ಹಿಡಿಯುವ ಜಾಗವನ್ನು) ಮುಚ್ಚುತ್ತದೆ. ಈಗ ಹೆಚ್ಚಿನವರು ಒಪ್ಪುವ ವಿವರಣೆಯ ಪ್ರಕಾರ, ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಮೊದಲು ಸುಮ್ಮನಾಗುವುದು ಉಳಿದವನ್ನು ಹಿಡಿದಿಡುವ ನರಕೋಶಗಳು. ಹಿಡಿತ ಸಡಿಲಾದ ಸ್ವಲ್ಪ ಹೊತ್ತು ಗ್ಲುಟಮೇಟ್ ಉಕ್ಕಿ, ಎಎಂಪಿಎ ಎಂಬ ಇನ್ನೊಂದು ಗ್ರಾಹಕದ ಮೂಲಕ ಹೊಸ ನರಸಂಪರ್ಕ ಚಿಗುರಿಸುವ ಕೆಲಸಕ್ಕೆ ಚಾಲನೆ ಕೊಡುತ್ತದೆ. ಔಷಧ ಅದೇ ದಿನ ಮೈಯಿಂದ ಬಹುತೇಕ ಇಳಿದುಹೋದರೂ ಮನಸ್ಸಿನ ಹಗುರ ಕೆಲವು ದಿನ ನಿಲ್ಲುವುದು ಇದರಿಂದ.

ಅಂದಹಾಗೆ, ಅಜಿನೊಮೊಟೊದಲ್ಲೂ ಇರುವುದು ಗ್ಲುಟಮೇಟೇ. ಅದನ್ನು ತಿಂದು ಖಿನ್ನತೆ ಬಂತು, ಬಿಟ್ಟರೆ ಹೋಗುತ್ತದೆ ಎಂದು ನಂಬಿ ಔಷಧ ನಿಲ್ಲಿಸಬೇಡಿ. ರಕ್ತದಲ್ಲಿನ ಗ್ಲುಟಮೇಟ್ ಮಿದುಳಿನೊಳಗೆ ಸುಲಭವಾಗಿ ದಾಟದಂತೆ ಅಲ್ಲೊಂದು ತಡೆಗೋಡೆ ಇದೆ.

ಮೊದಲ ಹೆಜ್ಜೆ: ರೋಗ ಯಾವುದೆಂದು ಖಚಿತ ಮಾಡಿಕೊಳ್ಳಿ

ಬರೀ ಖಿನ್ನತೆಯೋ, ಬೈಪೋಲಾರೋ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ. ರೋಗಿ ವೈದ್ಯರ ಮುಂದೆ ಕೂರುವುದು ಬಿದ್ದುಹೋದ ಸ್ಥಿತಿಯಲ್ಲಿ, ಹಾಗಾಗಿ ಹಿಂದೆ ಏರಿದ್ದ ದಿನಗಳು ಅವರಿಗೆ ನೆನಪಾಗುವುದಿಲ್ಲ. ಅದನ್ನು ಹೇಳಬೇಕಾದವರು ಮನೆಯವರು. “ಕಬ್ಬು ಕಡಿಯೋ ಟೈಮಿನ್ಯಾಗ ಒಂದ್ ವಾರ ದಿನಾ ಎರಡ್ ಮೂರ್ ತಾಸ ನಿದ್ದಿ ಮಾಡ್ತಿದ್ರು, ಆದ್ರೂ ದಣೀತಿದ್ದಿಲ್ರೀ. ಕೇಳ್ದವರಿಗೆಲ್ಲಾ ರೊಕ್ಕಾ ಕೊಟ್ರು” ಎಂಬ ಒಂದು ಮಾತು ಇಡೀ ಚಿಕಿತ್ಸೆಯ ದಾರಿ ಬದಲಿಸಬಲ್ಲದು. ಬೈಪೋಲಾರ್ ಇದ್ದವರಿಗೆ ಖಿನ್ನತೆಯ ಗುಳಿಗೆ ಒಂದನ್ನೇ ಕೊಟ್ಟರೆ ಉನ್ಮಾದ ಏಳುವ ಭಯವಿದೆ.

ಒಂದು ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ಈವರೆಗೆ ತೆಗೆದುಕೊಂಡ ಪ್ರತಿ ಔಷಧದ ಹೆಸರು, ಎಷ್ಟು ಮಿಲಿಗ್ರಾಂ, ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಯಾಕೆ ಬಿಟ್ಟಿರಿ. ಗುಳಿಗೆಯ ಖಾಲಿ ಪಟ್ಟಿಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. “ಗುಳಿಗೆಗೆ ಬಗ್ಗದ ಖಿನ್ನತೆ” ಎನ್ನಬೇಕಾದರೆ ಕನಿಷ್ಠ ಎರಡು ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ತಲಾ ಆರರಿಂದ ಎಂಟು ವಾರ ತೆಗೆದುಕೊಂಡಿರಬೇಕು. ಹತ್ತು ದಿನ ನುಂಗಿ ಬಿಟ್ಟದ್ದು ಲೆಕ್ಕಕ್ಕೆ ಬರುವುದಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್, ಬಿ12 ತಪಾಸಣೆ ಆಗಿದೆಯೇ ನೋಡಿ. ಕುಡಿತ ಇದ್ದರೆ ಮುಚ್ಚಿಡಬೇಡಿ.

ಬೆಳಗಾವಿ ಜಿಲ್ಲೆಯವರಿಗೆ ಇನ್ನೊಂದು ಮಾತು. ಒಬ್ಬ ವೈದ್ಯರು ಮಿರಜದಲ್ಲಿ, ಇನ್ನೊಬ್ಬರು ಬೆಳಗಾವಿಯಲ್ಲಿ ಇದ್ದಾಗ ಎರಡು ಚೀಟಿಗಳು ಒಂದರ ಮುಖ ಒಂದು ನೋಡುವುದೇ ಇಲ್ಲ. ಮೂರ್ಛೆಗೂ ಬೈಪೋಲಾರ್‌ಗೂ ಕೊಡುವ ವಾಲ್ಪ್ರೋಯೇಟ್ ಅಥವಾ ಡೈವಾಲ್ಪ್ರೋಯೆಕ್ಸ್ ಎಂಬ ಹೆಸರು ಹಳೆಯ ಚೀಟಿಯಲ್ಲಿದ್ದರೆ ಅದರ ಕೆಳಗೆ ಗೆರೆ ಎಳೆದು ಹೊಸ ವೈದ್ಯರಿಗೆ ತೋರಿಸಲೇಬೇಕು. ಕಾರಣ ಮುಂದಿದೆ.

ಲ್ಯಾಮೊಟ್ರಿಜಿನ್: ಆರು ವಾರದ ಏಣಿ

ಈ ಗುಳಿಗೆ ಬೈಪೋಲಾರ್ ಕಾಯಿಲೆಯಲ್ಲಿ ಮತ್ತೆ ಮತ್ತೆ ಬರುವ ಖಿನ್ನತೆಯನ್ನು ದೂರ ಇಡಲು ಬಳಕೆಯಾಗುತ್ತದೆ. ಅಮೆರಿಕದಲ್ಲಿ 1994ರಲ್ಲಿ ಮೂರ್ಛೆ ರೋಗಕ್ಕೆ, 2003ರಲ್ಲಿ ಬೈಪೋಲಾರ್‌ಗೆ ಅನುಮತಿ ಸಿಕ್ಕಿತು. ಈಗಾಗಲೇ ಏರಿರುವ ಉನ್ಮಾದವನ್ನು ಇದು ಇಳಿಸುವುದಿಲ್ಲ. ಅದಕ್ಕೆ ಬೇರೆ ಔಷಧ ಬೇಕು.

ಬೇರೆ ಔಷಧಗಳ ಅಡ್ಡಿ ಇಲ್ಲದ ವಯಸ್ಕರಿಗೆ ಸಾಮಾನ್ಯ ಕ್ರಮ ಹೀಗೆ:

ಮೊದಲ 2 ವಾರ: ದಿನಕ್ಕೆ 25 ಮಿಲಿಗ್ರಾಂ
3 ಮತ್ತು 4ನೇ ವಾರ: ದಿನಕ್ಕೆ 50
5ನೇ ವಾರ: ದಿನಕ್ಕೆ 100
6ನೇ ವಾರದಿಂದ: ದಿನಕ್ಕೆ 200

ವಾಲ್ಪ್ರೋಯೇಟ್ ಜೊತೆಗಿದ್ದರೆ ಎಲ್ಲವೂ ಅರ್ಧ. ಮೊದಲ ಎರಡು ವಾರ ದಿನ ಬಿಟ್ಟು ದಿನ 25, ಮುಂದಿನ ಎರಡು ವಾರ ದಿನಾ 25, ಐದನೇ ವಾರ 50, ಆರನೇ ವಾರದಿಂದ 100. ವಾಲ್ಪ್ರೋಯೇಟ್ ಲ್ಯಾಮೊಟ್ರಿಜಿನ್ ಅನ್ನು ಯಕೃತ್ತಿನಲ್ಲಿ ಬೇಗ ಕರಗಲು ಬಿಡುವುದಿಲ್ಲ. ಹಾಗಾಗಿ ಅದೇ 25ರ ಗುಳಿಗೆ ರಕ್ತದಲ್ಲಿ ಸುಮಾರು ಎರಡರಷ್ಟಾಗಿ ನಿಲ್ಲುತ್ತದೆ. ಮೂರ್ಛೆಯ ಇನ್ನೊಂದು ಔಷಧ ಕಾರ್ಬಮಾಜೆಪಿನ್ ಇದಕ್ಕೆ ತದ್ವಿರುದ್ಧ, ಬೇಗ ಹೊರಗೆ ಹಾಕುತ್ತದೆ. ಅಂಥವರಿಗೆ ವೈದ್ಯರು 50ರಿಂದಲೇ ಶುರುಮಾಡುತ್ತಾರೆ. ಹೀಗಾಗಿ ಪಕ್ಕದ ಮನೆಯವರ ಚೀಟಿ ನೋಡಿ ಲೆಕ್ಕ ಹಾಕುವ ಔಷಧ ಇದಲ್ಲ.

ದಿನ ಬಿಟ್ಟು ದಿನ ಎಂದಾಗ ಹಲವರು ಬೆಸ ತಾರೀಖು ಹಿಡಿದುಕೊಳ್ಳುತ್ತಾರೆ: 1, 3, 5 ಹೀಗೆ. ತಿಂಗಳಿಗೆ 31 ದಿನವಿದ್ದರೆ 31ಕ್ಕೊಂದು, ಮರುದಿನ 1ಕ್ಕೊಂದು, ಎರಡು ದಿನ ಸಾಲಾಗಿ ನುಂಗಿದಂತಾಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮೊದಲೇ ಎರಡು ವಾರದ ಗುರುತು ಹಾಕಿ, ನುಂಗಿದ ಮೇಲೆ ಅದರ ಮೇಲೊಂದು ಗೆರೆ ಎಳೆಯಿರಿ. ಪಟ್ಟಿ ತರುವಾಗ ಅಂಕಿ ಓದಿ: 25, 50, 100ರ ಗುಳಿಗೆಗಳು ಬೇರೆ ಬೇರೆ ಸಿಗುತ್ತವೆ. ಅಂಗಡಿಯಲ್ಲಿ 25 ಮುಗಿದಿದೆ ಎಂದು 100 ಕೊಟ್ಟರೆ ಅಂದಾಜಿನ ಮೇಲೆ ಮುರಿದು ನುಂಗಬೇಡಿ. ಹೆಸರಿನ ಮೊದಲ ಅಕ್ಷರಗಳು ಹೋಲುವ ಲ್ಯಾಮಿವುಡಿನ್ ಬೇರೆಯೇ ರೋಗದ ಔಷಧ, ಕೈಗೆ ಬಂದದ್ದನ್ನು ಅಕ್ಷರ ಬಿಡದೆ ಓದಿ ನೋಡಿ.

ಇಷ್ಟು ನಿಧಾನ ಯಾಕೆ ಎಂದರೆ, ಚರ್ಮಕ್ಕಾಗಿ. ನೂರರಲ್ಲಿ ಹತ್ತು ಮಂದಿಗೆ ಸಾಧಾರಣ ದದ್ದು ಏಳಬಹುದು, ಅದು ಮಾಯುತ್ತದೆ. ಆದರೆ ವಯಸ್ಕರಲ್ಲಿ ಸಾವಿರಕ್ಕೆ ಒಬ್ಬರ ಆಸುಪಾಸಿನಲ್ಲಿ ಗಂಭೀರ ದದ್ದು ಬರುತ್ತದೆ. ಸ್ಟೀವನ್ಸ್ ಜಾನ್ಸನ್ ಎಂಬ ಸ್ಥಿತಿಗೆ ತಿರುಗಿದರೆ ಬಾಯಿ, ಕಣ್ಣು, ಜನನಾಂಗದ ಒಳಚರ್ಮವೂ ಸುಲಿದು ಜೀವಕ್ಕೇ ಕುತ್ತು. ಹೆಚ್ಚಾಗಿ ಕಾಣಿಸುವುದು ಎರಡರಿಂದ ಎಂಟನೇ ವಾರದೊಳಗೆ. ವೇಗವಾಗಿ ಏರಿಸಿದವರಲ್ಲಿ, ವಾಲ್ಪ್ರೋಯೇಟ್ ಇದ್ದೂ ಪೂರ್ಣ ಪ್ರಮಾಣ ಕೊಟ್ಟವರಲ್ಲಿ ಅಪಾಯ ಹೆಚ್ಚು.

ನಮ್ಮ ಕಡೆ ಇದಕ್ಕೊಂದು ಗೊಂದಲ ಸೇರಿಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರದ ಬಿಸಿಲಿಗೆ ಬೆವರುಗುಳ್ಳೆ ಏಳದ ಮೈಯೇ ಕಡಿಮೆ. ಬೆವರುಗುಳ್ಳೆ ಕುತ್ತಿಗೆ, ಬೆನ್ನು, ಬಟ್ಟೆ ಬಿಗಿಯುವ ಜಾಗಗಳಲ್ಲಿ ಚುಚ್ಚುತ್ತದೆ, ತಂಪಿಗೆ ಇಳಿಯುತ್ತದೆ. ಜ್ವರ, ಗಂಟಲು ನೋವು, ಬಾಯಿಹುಣ್ಣು, ಕಣ್ಣು ಕೆಂಪು, ಮುಖದ ಊತ, ಕುತ್ತಿಗೆಯ ಗಂಟು, ಮುಟ್ಟಿದರೆ ನೋಯುವ ಇಲ್ಲವೇ ನೀರು ತುಂಬುವ ಚರ್ಮ, ಇವುಗಳಲ್ಲಿ ಒಂದಿದ್ದರೂ ಗುಳಿಗೆ ನಿಲ್ಲಿಸಿ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಿ. ಯಾವುದೆಂದು ತಿಳಿಯದ ದದ್ದಾದರೆ ಫೋಟೊ ತೆಗೆದು, ಮುಂದಿನ ಗುಳಿಗೆಗೆ ಮೊದಲೇ ವೈದ್ಯರಿಗೆ ತೋರಿಸಿ. ಮೊದಲ ಎರಡು ತಿಂಗಳು ಹೊಸ ಸೋಪು, ಹೊಸ ತಲೆಬಣ್ಣ, ಗುರುತಿಲ್ಲದ ನಾಟಿ ಔಷಧ ಶುರುಮಾಡದಿದ್ದರೆ ದದ್ದು ಯಾವುದರಿಂದ ಎಂದು ತಲೆಕೆಡಿಸಿಕೊಳ್ಳುವುದು ತಪ್ಪುತ್ತದೆ.

ಗುಳಿಗೆ ತಪ್ಪಿದಾಗ ಏನು? ಒಂದು ದಿನ ಮರೆತರೆ ನೆನಪಾದಾಗ ಒಂದು ತೆಗೆದುಕೊಳ್ಳಿ, ಎರಡು ಕೂಡಿಸಬೇಡಿ. ಐದು ದಿನ ಮೀರಿ ತಪ್ಪಿದ್ದರೆ 200ಕ್ಕೆ ನೇರ ಹಾರಬಾರದು. ಮೈ ಆ ಔಷಧವನ್ನು ಮರೆತಿರುತ್ತದೆ, ಮತ್ತೆ 25ರಿಂದಲೇ ಏಣಿ ಹತ್ತಬೇಕು. ಕಾರ್ಬಮಾಜೆಪಿನ್ ಜೊತೆಗಿದ್ದರೆ ಈ ಗಡುವು ಇನ್ನೂ ಚಿಕ್ಕದು. ಜಾತ್ರೆಗೋ, ಕಬ್ಬಿನ ಗ್ಯಾಂಗಿನ ಜೊತೆ ಹೊರಗೋ ಹೋಗಿ ವಾರ ಬಿಟ್ಟವರು ಮರಳಿ ಬಂದು ಹಳೆಯ ಪ್ರಮಾಣವನ್ನೇ ನುಂಗುವುದು ಈ ಔಷಧದ ಅತಿ ದೊಡ್ಡ ತಪ್ಪು, ಮತ್ತು ಹತ್ತು ಗುಳಿಗೆಯ ಒಂದು ಪಟ್ಟಿಯನ್ನು ಚೀಲದ ತಳದಲ್ಲಿ ಇಟ್ಟಿದ್ದರೆ ಆಗದಿರುತ್ತಿದ್ದ ತಪ್ಪು.

ಹೆಣ್ಣುಮಕ್ಕಳು ವೈದ್ಯರಿಗೆ ಇದೊಂದನ್ನು ಕೇಳಲೇಬೇಕು. ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ, ಮಾಲಾ-ಎನ್, ಮಾಲಾ-ಡಿ ಇದೇ ಗುಂಪಿನವು, ರಕ್ತದಲ್ಲಿನ ಲ್ಯಾಮೊಟ್ರಿಜಿನ್ ಅನ್ನು ಅರ್ಧದ ಹತ್ತಿರಕ್ಕೆ ಇಳಿಸುತ್ತದೆ. ಆ ಮಾತ್ರೆ ನಿಲ್ಲಿಸಿದರೆ ಮತ್ತೆ ಏರುತ್ತದೆ. ಆಶಾ ಕಾರ್ಯಕರ್ತೆ ಕೊಟ್ಟ ಮಾತ್ರೆ ಶುರುಮಾಡಿದ್ದನ್ನು ಮನೋವೈದ್ಯರಿಗೆ ಯಾರೂ ಹೇಳುವುದಿಲ್ಲ, ನಾಲ್ಕಾರು ವಾರದಲ್ಲಿ ಖಿನ್ನತೆ ಮರಳಿದಾಗ ಕಾರಣ ಸಿಗುವುದಿಲ್ಲ. ಬಸುರಿನಲ್ಲೂ ಮಟ್ಟ ಇಳಿಯುತ್ತದೆ. ವಾಲ್ಪ್ರೋಯೇಟ್ ಮಗುವಿಗೆ ಮಾಡುವ ಹಾನಿಗೆ ಹೋಲಿಸಿದರೆ ಲ್ಯಾಮೊಟ್ರಿಜಿನ್ ಎಷ್ಟೋ ಸುರಕ್ಷಿತ, ಆದ್ದರಿಂದ ಬಸುರಾದ ಸುದ್ದಿ ತಿಳಿದೊಡನೆ ಹೆದರಿ ನಿಲ್ಲಿಸದೆ ವೈದ್ಯರ ಹತ್ತಿರ ಹೋಗಿ. ಹೃದಯದ ಕಾಯಿಲೆ ಇದ್ದವರು ಶುರುಮಾಡುವ ಮೊದಲು ಇಸಿಜಿ ಮಾಡಿಸಿಕೊಳ್ಳಿ.

ಕೆಟಮೈನ್: ಒಂದು ಸಲಕ್ಕೆ ಇಡೀ ದಿನ ಮೀಸಲು

ಕೆಟಮೈನ್ ಹೊಸ ಔಷಧವಲ್ಲ. 1962ರಲ್ಲಿ ತಯಾರಾಗಿ, 1970ರಲ್ಲಿ ಅಮೆರಿಕದಲ್ಲಿ ಅರಿವಳಿಕೆಗೆ ಅನುಮತಿ ಪಡೆದದ್ದು. ಖಿನ್ನತೆಗೆ ಕೊಡುವುದು ವೈದ್ಯರು ತಮ್ಮ ತೀರ್ಮಾನದ ಮೇಲೆ ಮಾಡುವ ಚಿಕಿತ್ಸೆ, ಸೀಸೆಯ ಮೇಲೆ ಬರೆದ ಉದ್ದೇಶ ಅದಲ್ಲ. ಆದ್ದರಿಂದ ಒಪ್ಪಿಗೆ ಪತ್ರವನ್ನು ಓದಿಸಿಕೊಂಡು ಸಹಿ ಮಾಡಿ. 2006ರಲ್ಲಿ ಅಮೆರಿಕದಲ್ಲಿ 18 ರೋಗಿಗಳ ಮೇಲೆ ನಡೆದ ಹೆಸರಾಂತ ಅಧ್ಯಯನದಲ್ಲಿ ಮರುದಿನಕ್ಕೆ ಶೇ 71ರಷ್ಟು ಮಂದಿಗೆ ಗುಣ ಕಂಡಿತು; ಅದು ಒಂದು ವಾರವಾದರೂ ಉಳಿದದ್ದು ಶೇ 35ರಷ್ಟು ಮಂದಿಯಲ್ಲಿ. ಈ ಎರಡು ಅಂಕಿಗಳನ್ನು ಒಟ್ಟಿಗೇ ನೆನಪಿಡಿ. ಮೊದಲನೆಯದು ಆಸೆ ಕೊಡುತ್ತದೆ, ಎರಡನೆಯದು ಸರಣಿಯನ್ನು ಪೂರ್ತಿ ಮಾಡಬೇಕೆಂದು ಹೇಳುತ್ತದೆ.

ಸಾಮಾನ್ಯವಾಗಿ ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಇಂಡಿ, ಸಿಂದಗಿ, ರಾಮದುರ್ಗದಂಥ ಕಡೆಯಿಂದ ಬರುವವರು ಸೋಮವಾರ, ಗುರುವಾರ ಎಂದು ಹಿಡಿದು, ಮೊದಲ ವಾರವಾದರೂ ಆಸ್ಪತ್ರೆ ಇರುವ ಊರಲ್ಲೇ ನೆಂಟರ ಮನೆ ನೋಡಿಕೊಂಡರೆ ಒಳ್ಳೆಯದು. ಎರಡು ಸಲಕ್ಕೇ ಬಸ್ಸಿನ ಓಡಾಟಕ್ಕೆ ಸೋತು ಬಿಡುವವರಿಗೆ ಔಷಧದ ಗುಣವೇ ತಿಳಿಯುವುದಿಲ್ಲ.

ಹಿಂದಿನ ದಿನ. ಬಿಪಿ, ಇಸಿಜಿ, ಯಕೃತ್ತು ಮತ್ತು ಮೂತ್ರಪಿಂಡದ ರಕ್ತ ತಪಾಸಣೆಯ ವರದಿ ಕಡತದಲ್ಲಿರಲಿ. ಹತೋಟಿಗೆ ಬಾರದ ಬಿಪಿ, ಇತ್ತೀಚೆಗೆ ಆದ ಹೃದಯಾಘಾತ, ಮಿದುಳಿನ ರಕ್ತನಾಳದ ಉಬ್ಬು, ಇಲ್ಲದ ದನಿ ಕೇಳಿಸುವಂಥ ಮನೋವಿಕಾರ, ಬಸುರು, ಇವುಗಳಲ್ಲಿ ಯಾವುದಿದ್ದರೂ ಬಾಯಿಬಿಟ್ಟು ಹೇಳಿ. ಸಾರಾಯಿ ಬೇಡವೇ ಬೇಡ. ನಿದ್ದೆಗೆಂದು ಕ್ಲೊನಜಿಪಾಮ್ ತೆಗೆದುಕೊಳ್ಳುತ್ತಿದ್ದರೆ ತಿಳಿಸಿ. ಅದು ಕೆಟಮೈನಿನ ಗುಣವನ್ನು ಕುಗ್ಗಿಸಬಹುದು. ಹಾಗೆಂದು ನೀವೇ ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ.

ಬೆಳಿಗ್ಗೆ. ರಾತ್ರಿ ರೊಟ್ಟಿ ಉಂಡು ಮಲಗಿ, ಬೆಳಗಿನ ಸರದಿ ಕೇಳಿಕೊಂಡರೆ ಹಸಿವು ತಾಳುವುದು ಸುಲಭ. ಗಟ್ಟಿ ಆಹಾರ ಆರು ಗಂಟೆ ಮೊದಲು, ಬರೀ ನೀರು ಎರಡು ಗಂಟೆ ಮೊದಲು ನಿಲ್ಲಿಸುವುದು ಅರಿವಳಿಕೆಯವರ ರೂಢಿ. ಹಾಲು ಹಾಕಿದ ಚಹಾ ಗಟ್ಟಿ ಆಹಾರದ ಲೆಕ್ಕಕ್ಕೇ ಸೇರುತ್ತದೆ. “ಬರೇ ಒಂದ್ ಕಪ್ ಚಾ” ಕುಡಿದು ಬಂದವರ ಸರದಿ ಮುಂದಕ್ಕೆ ಹೋಗುತ್ತದೆ, ಇಲ್ಲವೇ ನಡುವೆ ವಾಂತಿಯಾಗುತ್ತದೆ. ಬಿಪಿ ಗುಳಿಗೆಯನ್ನು ಒಂದು ಗುಟುಕು ನೀರಲ್ಲಿ ತಪ್ಪದೆ ತೆಗೆದುಕೊಳ್ಳಿ. ಶುಗರ್ ಗುಳಿಗೆ, ಇನ್ಸುಲಿನ್ ಹಸಿದ ಹೊಟ್ಟೆಯಲ್ಲಿ ಬೇಕೋ ಬೇಡವೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ.

ಹಚ್ಚುವಾಗ. ಪ್ರಮಾಣ ಮೈತೂಕದ ಪ್ರತಿ ಕಿಲೊಗೆ ಅರ್ಧ ಮಿಲಿಗ್ರಾಂ. 60 ಕಿಲೊ ತೂಗುವವರಿಗೆ 30 ಮಿಲಿಗ್ರಾಂ, ಸಲೈನಿನಲ್ಲಿ ಬೆರೆಸಿ 40 ನಿಮಿಷದಲ್ಲಿ ನಿಧಾನವಾಗಿ. ಶಸ್ತ್ರಚಿಕಿತ್ಸೆಗೆ ಮಲಗಿಸುವಾಗ ಕಿಲೊಗೆ 1ರಿಂದ 2 ಮಿಲಿಗ್ರಾಂ ಒಂದು ನಿಮಿಷದ ಆಸುಪಾಸಿನಲ್ಲೇ ಹೋಗುತ್ತದೆ. ಎರಡರ ನಡುವಿನ ಅಂತರ ಚಿಕ್ಕದು, ಸೀಸೆಯ ಔಷಧ ಗಟ್ಟಿ. ಊರಿನ ಕಂಪೌಂಡರ್ ಮನೆಗೆ ಬಂದು ಹಚ್ಚುತ್ತೇನೆಂದರೆ ಒಪ್ಪಲೇಬಾರದು. ಉಸಿರು ತಡೆದರೆ ನೋಡಿಕೊಳ್ಳಬಲ್ಲವರು, ಆಕ್ಸಿಜನ್, ಬೆರಳಿಗೆ ಹಾಕುವ ಮಾಪಕ, ಬಿಪಿ ಯಂತ್ರ ಇದ್ದ ಕೋಣೆ ಬೇಕು. ಶುರುವಿನ ಮೊದಲೇ ಬಿಪಿ 140/90 ದಾಟಿದ್ದರೆ ಸ್ವಲ್ಪ ಹೊತ್ತು ಕಾದು ನೋಡುವುದೋ ಮುಂದೂಡುವುದೋ ಸರಿಯಾದ ಕ್ರಮ. ಔಷಧ ಬಿಪಿಯನ್ನು ಇನ್ನಷ್ಟು ಏರಿಸುತ್ತದೆ.

ಹತ್ತು ಹದಿನೈದು ನಿಮಿಷದಲ್ಲಿ ಮೈ ತೇಲಿದ ಹಾಗೆ, ದನಿ ದೂರದಿಂದ ಬಂದ ಹಾಗೆ, ಕೈಕಾಲು ತನ್ನದಲ್ಲದ ಹಾಗೆ ಅನಿಸಬಹುದು. ಕೆಲವರು ಅಳುತ್ತಾರೆ, ಸಂಬಂಧವಿಲ್ಲದ ಮಾತಾಡುತ್ತಾರೆ. ಇದನ್ನು ಮೊದಲೇ ತಿಳಿಯದ ಮನೆಯವರು ಮೈಮೇಲೆ ಬಂತೆಂದು ಹೌಹಾರಿ ಕೂಗಿದರೆ ರೋಗಿಯ ಅಂಜಿಕೆ ನೂರುಪಟ್ಟಾಗುತ್ತದೆ. ದೀಪ ಮಂದವಾಗಿರಲಿ, ಫೋನು ಬಂದ್ ಇರಲಿ, ಒಬ್ಬರೇ ಪಕ್ಕದಲ್ಲಿ ಕೂತು ಕೈ ಹಿಡಿದಿದ್ದರೆ ಸಾಕು. ಅಂಜಿಕೆ ತೀರಾ ಹೆಚ್ಚಾದರೆ ನರ್ಸ್‌ಗೆ ಹೇಳಿ, ಹನಿಯ ವೇಗ ತಗ್ಗಿಸುತ್ತಾರೆ. ಹನಿ ಮುಗಿದ ಒಂದೆರಡು ಗಂಟೆಯಲ್ಲಿ ಎಲ್ಲ ತಿಳಿಯಾಗುತ್ತದೆ.

ಮುಗಿದ ಮೇಲೆ ಎರಡು ಗಂಟೆ ಅಲ್ಲೇ ಇರಿ. ಆ ದಿನ ಬೈಕು, ಟ್ರ್ಯಾಕ್ಟರ್, ಮೇವು ಕತ್ತರಿಸುವ ಯಂತ್ರ ಯಾವುದನ್ನೂ ಮುಟ್ಟಬಾರದು. ಒಂದು ರಾತ್ರಿ ನಿದ್ದೆಯಾದ ಮೇಲಷ್ಟೇ. ಬೈಕಿನ ಹಿಂದೆ ಕೂರಿಸಿಕೊಂಡು ಹೋಗುವುದೂ ಬೇಡ, ತೂಕಡಿಸಿ ಬಿದ್ದಾರು. ಖಿನ್ನತೆಯ ಹಳೆಯ ಗುಳಿಗೆಗಳು ಎಂದಿನಂತೆ ನಡೆಯಲಿ.

ಕೆಟಮೈನ್ ಷೆಡ್ಯೂಲ್ ಎಕ್ಸ್ ಪಟ್ಟಿಯ, ಅಂದರೆ ಸರ್ಕಾರದ ಬಿಗಿ ನಿಯಂತ್ರಣದಲ್ಲಿರುವ ಔಷಧ. ಅಂಗಡಿಯವರು ಚೀಟಿಯ ಒಂದು ಪ್ರತಿಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಅಮಲಿಗಾಗಿ ದುರುಪಯೋಗ ಮಾಡಿದವರಲ್ಲಿ ಮೂತ್ರಕೋಶ ಹುಣ್ಣಾಗಿ ಹಾಳಾದದ್ದು ಕಂಡಿದೆ, ಆದ್ದರಿಂದ ಚಿಕಿತ್ಸೆಯಲ್ಲೂ ಉರಿಮೂತ್ರ, ಪದೇಪದೇ ಮೂತ್ರ, ಮೂತ್ರದಲ್ಲಿ ರಕ್ತ ಕಂಡರೆ ತಿಳಿಸಬೇಕು.

ಇದೇ ಔಷಧದ ಒಂದು ರೂಪ ಎಸ್ಕೆಟಮೈನ್ ಮೂಗಿನ ಸಿಂಪಡಣೆ. ಅಮೆರಿಕದಲ್ಲಿ 2019ರಲ್ಲಿ ಅನುಮತಿ ಪಡೆಯಿತು. 56 ಅಥವಾ 84 ಮಿಲಿಗ್ರಾಂ, ಅದನ್ನೂ ಆಸ್ಪತ್ರೆಯಲ್ಲೇ ತೆಗೆದುಕೊಂಡು ಎರಡು ಗಂಟೆ ಕೂರಬೇಕು. ಇಂಟರ್‌ನೆಟ್ಟಿನಲ್ಲಿ ಮನೆಬಾಗಿಲಿಗೆ ಕಳಿಸುತ್ತೇವೆ ಎನ್ನುವವರಿಂದ ಕೊಳ್ಳಬೇಡಿ.

ಗುಣವನ್ನು ಅಳೆಯುವುದು

“ಸ್ವಲ್ಪ ಆರಾಮ ಐತ್ರಿ” ಎಂಬ ಉತ್ತರದಿಂದ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಹಾಳೆ ಕೇಳಿ ಪಡೆಯಿರಿ. ಅಂಕ 0ಯಿಂದ 27. ಚಿಕಿತ್ಸೆಗೆ ಮೊದಲೊಮ್ಮೆ, ಆಮೇಲೆ ವಾರಕ್ಕೊಮ್ಮೆ ತುಂಬಿ. 20 ಇದ್ದದ್ದು 10ಕ್ಕೆ ಇಳಿದರೆ ಔಷಧ ಹಿಡಿಯಿತು ಎನ್ನಬಹುದು. ಕೆಟಮೈನ್ ನಾಲ್ಕು ವಾರವಾದರೂ ಅಂಕ ಕದಲದಿದ್ದರೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ಆಗ ಇಸಿಟಿ, ಅಂದರೆ ಜನ ಕರೆಂಟು ಕೊಡುವುದು ಎನ್ನುವ ಚಿಕಿತ್ಸೆಯ ಮಾತು ಬಂದರೆ ಹೆದರಬೇಡಿ. ಅದು ಅರಿವಳಿಕೆಯಲ್ಲಿ ನಡೆಯುತ್ತದೆ. ಊಟ ನೀರು ಬಿಟ್ಟವರಿಗೆ, ಇಲ್ಲದ ದನಿ ಕೇಳುವವರಿಗೆ ಕೆಟಮೈನಿಗಿಂತ ಅದೇ ಸರಿಯಾದ ದಾರಿ.

ಗ್ಲುಟಮೇಟ್ ಗುಂಪಿನ ಉಳಿದವುಗಳ ಬಗ್ಗೆ ಎರಡೇ ಮಾತು. ಮರೆವಿನ ಕಾಯಿಲೆಗೆ ಕೊಡುವ ಮೆಮಾಂಟಿನ್ ಕೂಡ ಎನ್‌ಎಂಡಿಎ ಗ್ರಾಹಕವನ್ನೇ ಮುಚ್ಚುತ್ತದೆ, ಖಿನ್ನತೆಗೆ ಮಾತ್ರ ಅದರಿಂದ ಭರವಸೆಯ ಫಲ ಸಿಕ್ಕಿಲ್ಲ. ಡೆಕ್ಸ್ಟ್ರೊಮೆಥಾರ್ಫನ್ ಮತ್ತು ಬುಪ್ರೊಪಿಯಾನ್ (ಖಿನ್ನತೆಯ ಒಂದು ಗುಳಿಗೆ) ಜೋಡಿಗೆ 2022ರಲ್ಲಿ ಅಮೆರಿಕದಲ್ಲಿ ಖಿನ್ನತೆಗೆ ಅನುಮತಿ ಸಿಕ್ಕಿದೆ. ಮೊದಲನೆಯದು ಕೆಮ್ಮಿನ ಸಿರಪ್ಪಿನಲ್ಲಿ ಇರುವುದೇ ಹೌದು, ಹಾಗೆಂದು ಸಿರಪ್ ಕುಡಿದು ಖಿನ್ನತೆ ಓಡಿಸಲು ಹೋದರೆ, ಅದರಲ್ಲೂ ಖಿನ್ನತೆಯ ಬೇರೆ ಗುಳಿಗೆ ಜೊತೆಗಿದ್ದರೆ, ನಡುಕ, ಜ್ವರ, ಗಾಬರಿ ಬಂದು ಐಸಿಯು ಸೇರಬೇಕಾದೀತು.

ಎಲ್ಲಿಗೆ ಹೋಗುವುದು

ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮಂಗಳವಾರ ಯಾವುದೆಂದು ಅಲ್ಲಿ ವಿಚಾರಿಸಿ. ಲ್ಯಾಮೊಟ್ರಿಜಿನ್ ಏಣಿಯನ್ನು ಅಲ್ಲಿಂದಲೇ ಹತ್ತಬಹುದು. ಕೆಟಮೈನಿಗೆ ಮನೋವೈದ್ಯರೂ ಅರಿವಳಿಕೆ ವೈದ್ಯರೂ ಒಂದೇ ಸೂರಿನಡಿ ಇರುವ ಕಡೆಗೇ ಹೋಗಬೇಕು: ಬೆಳಗಾವಿಯ ಬಿಮ್ಸ್ ಅಥವಾ ಕೆಎಲ್ಇ, ಬಾಗಲಕೋಟೆಯ ಕುಮಾರೇಶ್ವರ, ವಿಜಯಪುರದ ಬಿಎಲ್‌ಡಿಇ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ, ಧಾರವಾಡದ ಡಿಮ್ಹಾನ್ಸ್‌ನಲ್ಲಿ ಈ ಚಿಕಿತ್ಸೆ ಕೊಡುತ್ತಾರೆಯೇ ಎಂದು ಮೊದಲು ಫೋನಿನಲ್ಲಿ ಕೇಳಿಕೊಂಡು ಹೊರಡಿ. ಔಷಧದ ಬೆಲೆ ಕಡಿಮೆ, ಖರ್ಚು ಬರುವುದು ಹಾಸಿಗೆ ಮತ್ತು ನಿಗಾಕ್ಕೆ. ವಿಮೆ ಇದ್ದರೆ ತೋರಿಸಿ. ದೇಹದ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ.

ಪಿಎಚ್‌ಕ್ಯು ಹಾಳೆಯ ಒಂಬತ್ತನೇ ಪ್ರಶ್ನೆ ಸಾಯುವ ವಿಚಾರದ್ದು. ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕ ಬಿದ್ದರೆ ಮುಂದಿನ ಸರದಿವರೆಗೆ ಕಾಯಬೇಡಿ, ಅಂದೇ ವೈದ್ಯರಿಗೆ ತಿಳಿಸಿ. ನಡುರಾತ್ರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಕೆಟಮೈನಿನ ಗುಣ ಇಳಿಯುವ ಐದಾರನೇ ದಿನದ ಹೊತ್ತಿಗೆ ಕಣ್ಣು ಹೆಚ್ಚು ಎಚ್ಚರವಿರಲಿ. ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದಲೂ ಹೊಲದ ಗುಡಿಸಲಿನಿಂದಲೂ ತೆಗೆದು ಬೇರೆಯವರ ವಶಕ್ಕೆ ಕೊಡಿ. ಗುಳಿಗೆಗಳನ್ನು ವಾರಕ್ಕಾಗುವಷ್ಟು ಮಾತ್ರ ಹೊರಗಿಟ್ಟು, ಉಳಿದದ್ದನ್ನು ಬೀಗ ಹಾಕಿ, ಕೀಲಿಯನ್ನು ರೋಗಿಯ ಕೈಗೆ ಸಿಗದಂತೆ ಮನೆಯ ಒಬ್ಬರೇ ಇಟ್ಟುಕೊಳ್ಳಿ.